ಪೋಜೋ ಅಂತ ಬಿಟ್ಟ ಕ್ಲಾಸ್

ಬಿಲ್ ಕಟ್ಟಲು ನೆನಪಿಸುವ ಎಸ್ಸೆಮ್ಮೆಸ್ ಒಬ್ಬೊಬ್ಬ ಗ್ರಾಹಕರಿಗೆ ಎರಡೆರಡು ಸಲ ಹೋಗುತ್ತಿದೆ ಅಂತ ಸಪೋರ್ಟ್‌ನವರು ಹೇಳಿದಾಗ ಎಲ್ಲರ ಅನುಮಾನ ನಮ್ಮ ಎಸ್ಸೆಮ್ಮೆಸ್ ತಲುಪಿಸುವ ಹೊರಗಿನವರ ಗೇಟ್‌ವೇ ಮೇಲೆ. ರೀಟ್ರೈ ಅವರ ಕಡೆಯೇ ಆಗುತ್ತಿರಬೇಕು ಅಂತ ನಾನೂ ನಂಬಿದ್ದೆ. ಬ್ರಿಡ್ಜ್ ಕಾಲ್‌ನಲ್ಲಿ ಅವರ ಲಾಗ್ ಬಂತು. ಪ್ರತಿ ರಿಕ್ವೆಸ್ಟೂ ನಮ್ಮಿಂದಲೇ ಹೋಗಿತ್ತು. ಥ್ರೆಡ್ (ಒಟ್ಟೊಟ್ಟಿಗೆ ಓಡುವ ಕೆಲಸದ ಎಳೆ) ತೊಂದರೆ ಇರಬಹುದು ಅಂತ ಎಸ್ಸೆಮ್ಮೆಸ್ ಕಳಿಸುವ ಜಾಬನ್ನು ಒಂದೇ ಥ್ರೆಡ್‌ಗೆ ಇಳಿಸಿದೆವು. ಆಗಲೂ ಅದೇ ಕಥೆ. ಮ್ಯಾನೇಜರ್ "ಇಟಿಎ ಎಷ್ಟು, ಯಾವಾಗ ಸರಿಹೋಗುತ್ತೆ" ಅಂತ ಕೇಳುತ್ತಲೇ ಇದ್ದರು. ಡಿಬಗರ್ ಮುಂದೆ ಕೂತವರನ್ನು ಸ್ವಲ್ಪ ಹೊತ್ತು ಅವರ ಪಾಡಿಗೆ ಬಿಡಬೇಕು, ಅಲ್ವಾ?

ಯುಎಟಿಯಲ್ಲಿ, ಅಂದರೆ ಬಿಡುಗಡೆಗೆ ಮುಂಚೆ ಪರೀಕ್ಷಿಸುವ ಕಡೆ, ಕೋಡನ್ನು ನಡುವೆ ನಿಲ್ಲಿಸಿ ನೋಡಲು ಬ್ರೇಕ್‌ಪಾಯಿಂಟ್ ಹಾಕಿದೆ. ಕಳಿಸಿ ಆದವುಗಳನ್ನು ಇಡುವ ಹ್ಯಾಶ್‌ಸೆಟ್ (ಒಂದೊಂದನ್ನೂ ಒಂದೇ ಸಲ ಇಟ್ಟುಕೊಳ್ಳುವ ಜಾವಾದ ಪಟ್ಟಿ) ತೆರೆದರೆ ಆಬ್ಜೆಕ್ಟ್ ಅಲ್ಲೇ ಇದೆ. ಅದನ್ನೇ ಕೊಟ್ಟು, ಇದು ಒಳಗಿದೆಯಾ ಅಂತ ಕಂಟೇನ್ಸ್ ಕರೆದರೆ ಫಾಲ್ಸ್. ನಂಬಿಕೆ ಬರದೆ ಮತ್ತೆ ಇವ್ಯಾಲ್ಯುಯೇಟ್ ಒತ್ತಿದೆ. ಸೈಜ್ 1, ರೆಫರೆನ್ಸೂ ಅದೇ, ಉತ್ತರ ಮಾತ್ರ ಫಾಲ್ಸೇ.

ಕ್ಲಾಸ್‌ನಲ್ಲಿ ಇದ್ದದ್ದು ಮೂರೇ ಫೀಲ್ಡ್: ಗ್ರಾಹಕರ ಐಡಿ, ತಿಂಗಳು, ಸ್ಟೇಟಸ್. ಮೇಲೆ ಲೊಂಬೊಕ್‌ನ ಡೇಟಾ ಅನೊಟೇಶನ್. ಲೊಂಬೊಕ್ ಅಂದರೆ ಮಾಮೂಲಿ ಕೋಡನ್ನು ತಾನೇ ಬರೆದುಕೊಡುವ ಜಾವಾ ಲೈಬ್ರರಿ, ಅನೊಟೇಶನ್ ಅಂದರೆ ಕ್ಲಾಸ್ ಮೇಲೆ ಅಂಟಿಸುವ ಗುರುತು. ಅದು ಫೀಲ್ಡ್ ಬದಲಿಸುವ ಸೆಟ್ಟರ್‌ಗಳ ಜೊತೆ, ಎರಡು ಆಬ್ಜೆಕ್ಟ್ ಒಂದೇನಾ ಅಂತ ನೋಡುವ ಈಕ್ವಲ್ಸ್, ಆಬ್ಜೆಕ್ಟ್‌ಗೆ ಹ್ಯಾಶ್ ಅನ್ನುವ ಸಂಖ್ಯೆ ಕೊಡುವ ಹ್ಯಾಶ್‌ಕೋಡ್ ಎರಡನ್ನೂ ಮೂರೂ ಫೀಲ್ಡ್ ಸೇರಿಸಿ ಬರೆದುಕೊಡುತ್ತದೆ. ಸೆಟ್‌ಗೆ ಹಾಕುವಾಗ ಸ್ಟೇಟಸ್ ಪೆಂಡಿಂಗ್. ಗೇಟ್‌ವೇ ಓಕೆ ಅಂದಮೇಲೆ ಸೆಂಟ್. ಅಲ್ಲಿಗೆ ಹ್ಯಾಶ್ ಬದಲಾಯಿತು. ಸೆಟ್ ಇಟ್ಟುಕೊಂಡಿದ್ದು ಹಳೆಯ ಹ್ಯಾಶ್ ಪ್ರಕಾರ, ಹುಡುಕುವುದು ಹೊಸದರಿಂದ. ಸಿಗುವುದಾದರೂ ಹೇಗೆ? ಇದು ಇನ್ನೂ ಹೋಗಿಲ್ಲ ಅಂತ ರೀಟ್ರೈ ಜಾಬ್ ಮತ್ತೆ ಕಳಿಸಿತು.

ಬರೀ ಫೀಲ್ಡ್ ಇಟ್ಟುಕೊಳ್ಳುವ ಇಂಥ ಸಾದಾ ಜಾವಾ ಕ್ಲಾಸ್‌ಗೆ ಪೋಜೋ ಅನ್ನುತ್ತಾರೆ. "ಪೋಜೋ ಅಲ್ವಾ, ನೋಡೋದೇನು" ಅಂತ ರಿವ್ಯೂನಲ್ಲಿ ಇಂಥ ಫೈಲನ್ನು ಯಾರೂ ತೆರೆಯುವುದೇ ಇಲ್ಲ. ಟೆಸ್ಟ್‌ಗಳು ಎಷ್ಟು ಕೋಡ್ ಮುಟ್ಟುತ್ತವೆ ಅನ್ನುವ ಕವರೇಜ್ ಲೆಕ್ಕದಿಂದಲೂ, ಇಂಥ ಕ್ಲಾಸ್‌ಗಳಿರುವ ಮಾಡೆಲ್ ಪ್ಯಾಕೇಜ್ ಹೊರಗೆ. ನನಗೆ ಸಿಟ್ಟು ಬರುವುದು ಇಲ್ಲೇ. ಅನೊಟೇಶನ್ ಅಂಟಿಸುವ ಮೊದಲು ಕೇಳಿಕೊಳ್ಳಬೇಕು: ಈ ಕ್ಲಾಸ್‌ನ ಎರಡು ಆಬ್ಜೆಕ್ಟ್ ಯಾವಾಗ ಒಂದೇ? ಇಲ್ಲಿ ಐಡಿ, ತಿಂಗಳು ಎರಡೂ ಹೊಂದಿದರೆ ಮುಗಿಯಿತು. ಸ್ಟೇಟಸ್‌ಗೆ ಅಲ್ಲಿ ಕೆಲಸವೇ ಇಲ್ಲ.

ನಾವಿರುವುದು ಜಾವಾ 17ರಲ್ಲಿ. ಒಮ್ಮೆ ತುಂಬಿದ ಫೀಲ್ಡ್ ಬದಲಿಸಲು ಬಿಡದ, ಈಕ್ವಲ್ಸ್, ಹ್ಯಾಶ್‌ಕೋಡ್ ತಾನೇ ಕೊಡುವ ರೆಕಾರ್ಡ್ ಅನ್ನುವ ಕ್ಲಾಸ್ 16ರಿಂದಲೇ ಇದೆ. ಹಾಗಾಗಿ ಐಡಿ, ತಿಂಗಳು ಮಾತ್ರ ಇರುವ ರೆಕಾರ್ಡ್ ಒಂದೇ ಸಾಲಿನಲ್ಲಿ ಆಯಿತು. ಫೀಲ್ಡ್‌ಗಳು ಫೈನಲ್, ಸೆಟ್ಟರ್ ಇಲ್ಲ. ಸ್ಟೇಟಸ್ ಬೇರೆ ಮ್ಯಾಪ್‌ಗೆ ಹೋಯಿತು, ಅದರ ಕೀ ಈ ರೆಕಾರ್ಡೇ. ಇನ್ನೂ ಜಾವಾ 8ರಲ್ಲಿ ಇರುವವರು ಎರಡು ಫೈನಲ್ ಫೀಲ್ಡ್, ಒಂದು ಕನ್‌ಸ್ಟ್ರಕ್ಟರ್ ಇಟ್ಟು ಈಕ್ವಲ್ಸ್, ಹ್ಯಾಶ್‌ಕೋಡ್ ಕೈಯಲ್ಲೇ ಬರೆದರೂ ಅಷ್ಟೇ ಗಟ್ಟಿ. ರೆಕಾರ್ಡ್ ಒಳಗೆ ಲಿಸ್ಟ್ ಇಡುವುದಾದರೆ ಮಾತ್ರ ಜೋಪಾನ. ಲಿಸ್ಟ್ ಕೊಟ್ಟವರು ಆಮೇಲೆ ಅದನ್ನು ಬದಲಿಸಬಹುದು, ಹ್ಯಾಶ್ ಮತ್ತೆ ಕೈಕೊಡುತ್ತದೆ. ಕಾಪಿ ಮಾಡಿಯೇ ಇಡಿ.

ಮಾಡೆಲ್ ಪ್ಯಾಕೇಜನ್ನು ಕವರೇಜ್ ಒಳಗೆ ತರಲು ಟಿಕೆಟ್ ಹಾಕಿದ್ದೇನೆ. ಪ್ಲಾನಿಂಗ್‌ನಲ್ಲಿ ಅದನ್ನು ಮುಂದಿನ ಸ್ಪ್ರಿಂಟ್‌ಗೆ ತಳ್ಳುತ್ತಲೇ ಇದ್ದಾರೆ. ನಾನೂ ಕೇಳುವುದನ್ನು ಬಿಟ್ಟಿಲ್ಲ.