ಹವ್ಯಾಸಿಗಳ ಫೋರಂಗಳು ಏಕೆ ಬರಿದಾಗುತ್ತಿವೆ?

ದೂರದರ್ಶಕದ ಕನ್ನಡಿಯನ್ನು ಕೈಯಿಂದಲೇ ಉಜ್ಜಿ ತಯಾರಿಸುವ ಹವ್ಯಾಸಿಗಳ ಸಣ್ಣ ಅಂತರ್ಜಾಲ ಫೋರಂ ಒಂದರ ಮಾಡರೇಟರ್ ಆಗಿ ನಾನು ಹಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಈ ವಿಷಯ ತಿಳಿದವರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಫೋರಂಗಳೆಲ್ಲ ಬಣಗುಟ್ಟುತ್ತಿವೆಯಲ್ಲ, ಜನರಿಗೆ ಹವ್ಯಾಸಗಳ ಮೇಲಿನ ಆಸಕ್ತಿಯೇ ಹೊರಟುಹೋಯಿತೇ?" ಕೆಲವರು ಉತ್ತರವನ್ನೂ ತಾವೇ ಸೇರಿಸುತ್ತಾರೆ: ಎಲ್ಲವನ್ನೂ ಫೇಸ್‌ಬುಕ್ ನುಂಗಿತು. ಆಸಕ್ತಿ ಹೋಗಿಲ್ಲ ಎಂಬುದನ್ನು ನಾನು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಗಾಜು ಉಜ್ಜುವವರು ಇಂದಿಗೂ ಉಜ್ಜುತ್ತಲೇ ಇದ್ದಾರೆ. ಫೇಸ್‌ಬುಕ್ಕಿನ ಮಾತು ಅರ್ಧ ಮಾತ್ರ ನಿಜ. ಫೋರಂಗಳಲ್ಲಿ ನಿಜವಾಗಿ ತೆಳುವಾಗಿರುವುದು ನಡುವಿನ ಸಾಲು, ಅಂದರೆ ಕಳೆದ ವರ್ಷವಷ್ಟೇ ಕಲಿತು ಈ ವರ್ಷ ಹೊಸಬರಿಗೆ ಹೇಳಿಕೊಡುವವರ ಸಾಲು ಎಂಬುದು ನನ್ನ ಅಭಿಪ್ರಾಯ.

ಈ ಬಗೆಯ ಕೂಟಗಳನ್ನು ಮೊದಲು ಕಟ್ಟಿದವರು ಹವ್ಯಾಸಿಗಳೇ ಎಂಬುದನ್ನು ಇಲ್ಲಿ ನೆನೆಯಬೇಕು. 1978ರ ಫೆಬ್ರವರಿಯಲ್ಲಿ ಷಿಕಾಗೊದ ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ‍್ಯಾಂಡಿ ಸೂಯೆಸ್, ತಮ್ಮ ಕಂಪ್ಯೂಟರ್ ಕ್ಲಬ್ಬಿನ ಸೂಚನಾ ಫಲಕದ ಮಾದರಿಯಲ್ಲಿ, ದೂರವಾಣಿ ತಂತಿಯ ಮೂಲಕ ಸಂದೇಶ ಬರೆದಿಡಬಹುದಾದ ಮೊದಲ ಬುಲೆಟಿನ್ ಬೋರ್ಡನ್ನು ತೆರೆದರು. ಮರುವರ್ಷ ಡ್ಯೂಕ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಕಂಪ್ಯೂಟರ್ ಜಾಲದಲ್ಲಿ ವಿಷಯವಾರು ಚರ್ಚೆ ನಡೆಸುವ ಯೂಸ್‌ನೆಟ್‌ನ ಕಲ್ಪನೆ ಮಾಡಿದರು. 2000ದಲ್ಲಿ ಪಿಎಚ್‌ಪಿಬಿಬಿಯಂತಹ ಉಚಿತ ತಂತ್ರಾಂಶ ಬಂದ ಮೇಲೆ, ಸರ್ವರಿನಲ್ಲಿ ಸ್ವಲ್ಪ ಜಾಗವೂ ಒಂದಿಷ್ಟು ತಾಳ್ಮೆಯೂ ಇದ್ದ ಯಾರು ಬೇಕಾದರೂ ಫೋರಂ ತೆರೆಯುವುದು ಸಾಧ್ಯವಾಯಿತು. ಇವೆಲ್ಲವುಗಳಲ್ಲಿ ಸಮಾನವಾಗಿದ್ದುದು ಒಂದು ಸರಳ ಗುಣ: ಒಬ್ಬರು ಬರೆದದ್ದು ಅಲ್ಲಿಯೇ ಉಳಿಯುತ್ತಿತ್ತು, ಮುಂದೆ ಬರುವ ಅಪರಿಚಿತರು ಅದನ್ನು ಓದಬಹುದಾಗಿತ್ತು.

ಅದರಿಂದ ಆಗುತ್ತಿದ್ದ ಉಪಕಾರವನ್ನು ನನಗೆ ಗೊತ್ತಿರುವ ಕೆಲಸದಿಂದಲೇ ವಿವರಿಸುತ್ತೇನೆ. ಒಳ್ಳೆಯ ದೂರದರ್ಶಕದ ಕನ್ನಡಿಯ ಮೇಲ್ಮೈಯಲ್ಲಿ ಸುಮಾರು 70 ನ್ಯಾನೊಮೀಟರಿಗಿಂತ ಹೆಚ್ಚಿನ ಏರುಪೇರು ಇರಬಾರದು ಎಂಬುದು ನಮ್ಮ ಸಾಮಾನ್ಯ ಗುರಿ. ಯಾವ ಅಳತೆಪಟ್ಟಿಗೂ ಸಿಗದ ಇಷ್ಟು ಸೂಕ್ಷ್ಮವನ್ನು ಮನೆಯ ಕೋಣೆಯಲ್ಲಿ ಕುಳಿತು ಪರೀಕ್ಷಿಸುವ ವಿಧಾನವನ್ನು ಫ್ರೆಂಚ್ ಭೌತವಿಜ್ಞಾನಿ ಲಿಯೋನ್ ಫೂಕೊ 1850ರ ದಶಕದ ಕೊನೆಯಲ್ಲಿ ತೋರಿಸಿಕೊಟ್ಟರು: ಒಂದು ಸಣ್ಣ ಬೆಳಕಿನ ಬಿಂದು, ಅದು ಕನ್ನಡಿಯಿಂದ ಮರಳಿ ಬಂದು ಕೂಡುವಲ್ಲಿ ಒಂದು ಬ್ಲೇಡಿನ ಅಂಚು, ಅಷ್ಟೇ. ಬ್ಲೇಡನ್ನು ನಿಧಾನವಾಗಿ ಬೆಳಕಿಗೆ ಅಡ್ಡ ತಂದಾಗ ಕನ್ನಡಿಯ ಮೇಲೆ ದಿಣ್ಣೆ, ತಗ್ಗುಗಳು ನೆರಳಾಗಿ ಎದ್ದು ಕಾಣುತ್ತವೆ. ಉಪಕರಣ ಸರಳವೇನೋ ಹೌದು, ಆದರೆ ಆ ನೆರಳುಗಳನ್ನು ಓದುವುದು ಸರಳವಲ್ಲ. ಮೊದಲ ಸಲ ನೋಡುವವರಿಗೆ ದಿಣ್ಣೆ ಯಾವುದು, ತಗ್ಗು ಯಾವುದು ಎಂಬುದೇ ತಿಳಿಯುವುದಿಲ್ಲ, ಯಾರಾದರೂ ಪಕ್ಕದಲ್ಲಿ ನಿಂತು ತೋರಿಸಬೇಕಾಗುತ್ತದೆ. ಸುತ್ತಮುತ್ತ ಈ ಕೆಲಸ ಬಲ್ಲವರು ಒಬ್ಬರೂ ಇಲ್ಲದವರಿಗೆ ಹಾಗೆ ಪಕ್ಕದಲ್ಲಿ ನಿಲ್ಲುತ್ತಿದ್ದುದು ಫೋರಂ.

ಹೊಸಬರೊಬ್ಬರು ನೆರಳಿನ ಚಿತ್ರವನ್ನು ಹಾಕಿ, ಅಂಚಿನಲ್ಲಿ ಕಾಣುವ ಈ ಉಂಗುರ ಏನು ಎಂದು ಕೇಳುತ್ತಾರೆ ಎಂದಿಟ್ಟುಕೊಳ್ಳೋಣ. ಅದು ಅಂಚು ಜಾರಿರುವುದರ, ಅಂದರೆ ಅಂಚಿನ ಬಳಿ ಗಾಜು ಬೇಕಾದ್ದಕ್ಕಿಂತ ಹೆಚ್ಚು ಸವೆದಿರುವುದರ ಗುರುತು. ಮೂವತ್ತು ವರ್ಷ ಗಾಜು ಉಜ್ಜಿದ ಹಿರಿಯರು ಚಿತ್ರ ನೋಡಿದ ಕ್ಷಣವೇ ಅದನ್ನು ಗುರುತಿಸಿ, ಪಿಚ್ (ಕನ್ನಡಿಗೆ ಹೊಳಪು ಕೊಡುವ ಉಪಕರಣದ ಮೇಲಿನ ರಾಳದಂತಹ ಪದರ) ಮೆತ್ತಗಾಗಿದೆ, ಬದಲಿಸಿ ಎಂದು ಒಂದು ಸಾಲು ಬರೆಯುತ್ತಾರೆ. ಉತ್ತರ ಸರಿಯೇ, ಆದರೆ ಹೊಸಬರಿಗೆ ಅದು ಎಟುಕುವುದಿಲ್ಲ, ಏಕೆಂದರೆ ತಮಗೆ ಒಂದು ಕಾಲದಲ್ಲಿ ಏನೇನು ತಿಳಿದಿರಲಿಲ್ಲ ಎಂಬುದನ್ನೇ ಹಿರಿಯರು ಮರೆತಿರುತ್ತಾರೆ. ಹೋದ ವರ್ಷ ಇದೇ ರೀತಿ ತನ್ನ ಕನ್ನಡಿಯ ಅಂಚನ್ನು ಕೆಡಿಸಿಕೊಂಡವರು ಹಾಗೆ ಬರೆಯುವುದಿಲ್ಲ. ಕೋಣೆ ಬೆಚ್ಚಗಿದ್ದುದರಿಂದ ಪಿಚ್ ಮೆತ್ತಗಾದದ್ದು, ಹೆಬ್ಬೆರಳಿನ ಉಗುರು ಒತ್ತಿ ಅದರ ಗಡಸುತನ ನೋಡಿದ್ದು, ಗಾಬರಿಯಲ್ಲಿ ಮತ್ತಷ್ಟು ಒತ್ತಿ ಉಜ್ಜಿ ಇನ್ನಷ್ಟು ಕೆಡಿಸಿದ್ದು, ಕೊನೆಗೆ ಸ್ಟ್ರೋಕ್ (ಉಜ್ಜುವಾಗ ಕೈ ಹಿಂದೆ ಮುಂದೆ ಹೋಗುವ ದೂರ) ಚಿಕ್ಕದು ಮಾಡಿ ತಿಂಗಳ ಹೊತ್ತಿಗೆ ಅಂಚನ್ನು ಮರಳಿ ಪಡೆದದ್ದು, ಎಲ್ಲವನ್ನೂ ಅವರು ನಾಲ್ಕು ಪ್ಯಾರಾಗಳಲ್ಲಿ ಬಿಡಿಸಿ ಹೇಳುತ್ತಾರೆ. ಹಾಗೆ ಬರೆಯುವಾಗ ತಾವು ಅರೆಬರೆ ತಿಳಿದದ್ದನ್ನು ಅವರೂ ಪೂರ್ತಿ ತಿಳಿಯುತ್ತಾರೆ. ಹತ್ತು ಸಲ ಹೀಗೆ ಉತ್ತರಿಸಿದವರು ಹನ್ನೊಂದನೆಯ ಸಲಕ್ಕೆ ಬಲ್ಲವರಾಗುತ್ತಾರೆ, ನಾನು ಕಂಡ ಒಳ್ಳೆಯ ಕುಶಲಿಗಳಲ್ಲಿ ಅನೇಕರು ತಯಾರಾದದ್ದು ಹೀಗೆಯೇ.

ಈ ನಡುವಿನ ಸಾಲಿಗೆ ಆಹಾರ ಹೊಸಬರ ಪ್ರಶ್ನೆಗಳು, ಮೊದಲು ಫೋರಂ ಬಿಟ್ಟು ಹೋದದ್ದೂ ಅವೇ ಪ್ರಶ್ನೆಗಳು. ಮೊದಲು ಅವು ಫೇಸ್‌ಬುಕ್ ಗುಂಪುಗಳಿಗೂ ವಾಟ್ಸ್‌ಆ್ಯಪ್‌ಗೂ ಹೋದವು, 2015ರಲ್ಲಿ ಡಿಸ್ಕಾರ್ಡ್ ಎಂಬ ಹರಟೆ ತಾಣ ಬಂದ ಮೇಲೆ ಅಲ್ಲಿಗೂ ಹರಿದವು, 2022ರ ನವೆಂಬರ್ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಬಳಿಕ ಮನುಷ್ಯರನ್ನು ಕೇಳುವ ಅಗತ್ಯವೇ ಹಲವರಿಗೆ ಕಾಣದಾಯಿತು. ಪ್ರೋಗ್ರಾಮರುಗಳ ಸ್ಟ್ಯಾಕ್ ಓವರ್‌ಫ್ಲೋ ತಾಣದಲ್ಲಿಯೂ ಅಲ್ಲಿಂದೀಚೆಗೆ ಹೊಸ ಪ್ರಶ್ನೆಗಳ ಸಂಖ್ಯೆ ತೀವ್ರವಾಗಿ ಕುಸಿದಿದೆ. ಸುಲಭದ ಪ್ರಶ್ನೆಗಳು ಹೋದರೆ ಫೋರಂ ಹಗುರಾಗಿ ಗಂಭೀರ ಚರ್ಚೆಗೆ ಬಿಡುವು ಸಿಗುತ್ತದೆ ಎಂದು ನಮ್ಮಲ್ಲಿ ಕೆಲವರು ಆಗ ನಂಬಿದ್ದರು. ನಡೆದದ್ದು ಬೇರೆ. ಉತ್ತರಿಸಲು ಪ್ರಶ್ನೆಗಳಿಲ್ಲದೆ ಎರಡು ಮೂರು ವರ್ಷದ ಅನುಭವಿಗಳು ಬರುವುದನ್ನು ಬಿಟ್ಟರು, ಉಳಿದ ಹಿರಿಯರು ತಮ್ಮ ತಮ್ಮಲ್ಲೇ ಅತಿ ಸೂಕ್ಷ್ಮ ಸಂಗತಿಗಳನ್ನು ಮಾತಾಡಿಕೊಳ್ಳತೊಡಗಿದರು, ಅಪ್ಪಿತಪ್ಪಿ ಒಳಬಂದ ಹೊಸಬರು ಆ ಮಾತಿನಲ್ಲಿ ತಮಗೆ ಜಾಗವಿಲ್ಲವೆಂದು ತಿಳಿದು ಹಿಂದಿರುಗಿದರು.

ಇದರಲ್ಲಿ ನಮ್ಮದೇ ತಪ್ಪೂ ಇದೆ, ಅದನ್ನು ಮರೆಮಾಚುವುದು ಸರಿಯಲ್ಲ. "ಇದನ್ನು ಈಗಾಗಲೇ ಚರ್ಚಿಸಿದೆ, ಹುಡುಕಿ ನೋಡಿ" ಎಂಬ ಉತ್ತರವನ್ನು ನಾನೂ ಎಷ್ಟೋ ಸಲ ಬರೆದಿದ್ದೇನೆ. ಕೇಳಿದ್ದನ್ನೇ ಕೇಳುವವರ ಮುಂದೆ ಬೇಸರ ಬರುವುದು ಸಹಜ, ಆದರೆ ಹೊಸಬರಿಗೆ ಹುಡುಕುವ ಪದವೇ ಗೊತ್ತಿರುವುದಿಲ್ಲ. ಅಂಚಿನ ಉಂಗುರಕ್ಕೆ ಏನೆನ್ನುತ್ತಾರೆ ಎಂದು ತಿಳಿದಿದ್ದರೆ ಅವರು ಕೇಳುತ್ತಲೇ ಇರಲಿಲ್ಲ. ಆ ಉತ್ತರ ಪಡೆದು ಮತ್ತೆಂದೂ ಬಾರದ ಸದಸ್ಯರ ಖಾತೆಗಳು ನಮ್ಮ ಪಟ್ಟಿಯಲ್ಲಿ ಒಂದೇ ಪೋಸ್ಟಿನೊಂದಿಗೆ ಇಂದಿಗೂ ಉಳಿದಿವೆ, ಅವನ್ನು ನೋಡಿದಾಗಲೆಲ್ಲ ನನಗೆ ನೋವಾಗುತ್ತದೆ.

ಹರಟೆ ಗುಂಪುಗಳಲ್ಲಿ ಸ್ನೇಹವಿದೆ, ಉತ್ತರ ನಿಮಿಷಗಳಲ್ಲಿ ಸಿಗುತ್ತದೆ. ಕೈಯ ಚಲನೆಯನ್ನು ತೋರಿಸುವುದರಲ್ಲಂತೂ ವಿಡಿಯೊಗೆ ಯಾವ ಬರಹವೂ ಸಾಟಿಯಲ್ಲ. ಆದರೆ ಗುಂಪಿನಲ್ಲಿ ಬರೆದ ಒಳ್ಳೆಯ ಉತ್ತರ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತದೆ: ಎರಡು ದಿನಕ್ಕೆ ಅದು ನೂರಾರು ಸಂದೇಶಗಳಡಿ ಮುಳುಗುತ್ತದೆ, ಡಿಸ್ಕಾರ್ಡಿನ ಅಥವಾ ವಾಟ್ಸ್‌ಆ್ಯಪ್‌ನ ಒಳಗಿನ ಮಾತು ಗೂಗಲ್ ಹುಡುಕಾಟಕ್ಕೆ ಸಿಗುವುದೂ ಇಲ್ಲ. ಅದೇ ಪ್ರಶ್ನೆ ಮುಂದಿನ ವಾರ ಮತ್ತೆ ಬಂದಾಗ ಮೊದಲಿನಿಂದ ಬರೆಯಬೇಕು, ನಾಲ್ಕನೆಯ ಸಲಕ್ಕೆ ಯಾರೂ ನಾಲ್ಕು ಪ್ಯಾರಾ ಬರೆಯುವುದಿಲ್ಲ.

ಬರೆದಿಟ್ಟದ್ದೂ ಎಲ್ಲ ಕಡೆ ಉಳಿಯಲಿಲ್ಲ ಎಂಬುದು ಇನ್ನೊಂದು ದುಃಖ. 2017ರಲ್ಲಿ ಫೋಟೊಬಕೆಟ್, ತನ್ನಲ್ಲಿಟ್ಟ ಚಿತ್ರಗಳನ್ನು ಬೇರೆ ತಾಣಗಳಲ್ಲಿ ತೋರಿಸಲು ವರ್ಷಕ್ಕೆ 399 ಡಾಲರ್ ಕೇಳಿದಾಗ, ಲೋಕದ ಅಸಂಖ್ಯ ಫೋರಂಗಳ ಹಳೆಯ ಪುಟಗಳಲ್ಲಿ ಚಿತ್ರಗಳ ಜಾಗ ರಾತ್ರೋರಾತ್ರಿ ಖಾಲಿಯಾಯಿತು. ನೆರಳಿನ ಚಿತ್ರವಿಲ್ಲದ ಕನ್ನಡಿಯ ಚರ್ಚೆ ಓದಲು ಬಾರದ ಚರ್ಚೆ. ಅದೇ ವರ್ಷದ ಫೆಬ್ರವರಿಯಲ್ಲಿ ಸಿನಿಮಾ ಮಾಹಿತಿಯ ತಾಣ ಐಎಂಡಿಬಿ ತನ್ನ ಚರ್ಚಾ ಪುಟಗಳನ್ನು ಮುಚ್ಚಿತ್ತು, 2020ರ ಡಿಸೆಂಬರಿನಲ್ಲಿ ಯಾಹೂ ಗ್ರೂಪ್ಸ್ ಸಂಪೂರ್ಣವಾಗಿ ನಿಂತಿತು. 1998ರಿಂದ ನಡೆಯುತ್ತಿದ್ದ ಛಾಯಾಗ್ರಾಹಕರ ಡಿಪಿರಿವ್ಯೂ ತಾಣವನ್ನು ಮುಚ್ಚುವುದಾಗಿ 2023ರ ಮಾರ್ಚಿನಲ್ಲಿ ಪ್ರಕಟಿಸಲಾಯಿತು, ಜೂನಿನಲ್ಲಿ ಬೇರೊಂದು ಸಂಸ್ಥೆ ಅದನ್ನು ಕೊಂಡದ್ದರಿಂದ ಅದು ಉಳಿಯಿತು. ಸರ್ವರ್ ಖರ್ಚು, ಸ್ಪ್ಯಾಮ್ ಕಾಟ, ನಿರ್ವಾಹಕರ ದಣಿವು ಇವೂ ಕಾರಣಗಳೇ, ಆದರೆ ಬರೆಯುವವರು ಇರುವವರೆಗೆ ಅವನ್ನು ಹೇಗೋ ನಿಭಾಯಿಸಬಹುದು.

ಹಾಗಾದರೆ ನೀವೂ ಡಿಸ್ಕಾರ್ಡಿಗೆ ಹೋಗಬಾರದೇಕೆ ಎಂದು ಕೇಳುವವರಿಗೆ, ನಮಗೆ ಅಲ್ಲಿಯೂ ಒಂದು ಕೋಣೆ ಇದೆ ಎನ್ನುತ್ತೇನೆ. ಅಲ್ಲಿ ನೆರವು ಪಡೆದು ಕನ್ನಡಿ ಮುಗಿಸಿದವರನ್ನು, ಏನು ಕೆಟ್ಟಿತು, ಹೇಗೆ ಸರಿಯಾಯಿತು ಎಂಬುದನ್ನು ಚಿತ್ರಗಳ ಸಮೇತ ಫೋರಂನಲ್ಲಿ ಒಮ್ಮೆ ಬರೆಯುವಂತೆ ಬೇಡಿಕೊಳ್ಳುತ್ತೇವೆ. ಚಿತ್ರಗಳನ್ನು ಈಗ ನಮ್ಮ ಸರ್ವರಿನಲ್ಲಿಯೇ ಇಡುತ್ತೇವೆ. ಹೊಸಬರ ಪ್ರಶ್ನೆಗೆ ಮೊದಲ ಎರಡು ದಿನ ಹಿರಿಯರು ಉತ್ತರಿಸಬಾರದು ಎಂಬ ಒಪ್ಪಂದವನ್ನೂ ಮಾಡಿಕೊಂಡಿದ್ದೇವೆ, ಇದು ನಾವು ಊಹಿಸಿದ್ದಕ್ಕಿಂತ ಕಷ್ಟವಾಗಿದೆ.

ಇತ್ತೀಚೆಗೆ ಒಬ್ಬರು ಅಂಚಿನಲ್ಲಿ ಉಂಗುರವಿದ್ದ ಚಿತ್ರವೊಂದನ್ನು ಹಾಕಿದರು. ಉತ್ತರ ನನಗೆ ಗೊತ್ತಿತ್ತು, ಆದರೂ ಬರೆಯದೆ ಕಾದೆ. ಮೊದಲ ದಿನ ಯಾರೂ ಬರಲಿಲ್ಲ. ಎರಡನೆಯ ದಿನ ರಾತ್ರಿ, ಹಿಂದಿನ ವರ್ಷ ಮೊದಲ ಕನ್ನಡಿ ಮುಗಿಸಿ ಆಮೇಲೆ ಕಾಣೆಯಾಗಿದ್ದ ಸದಸ್ಯರೊಬ್ಬರು ತಮ್ಮ ಹಳೆಯ ನೆರಳಿನ ಚಿತ್ರಗಳೊಂದಿಗೆ ದೀರ್ಘವಾದ ಉತ್ತರ ಬರೆದರು. ಸ್ಟ್ರೋಕಿನ ಉದ್ದ ಕನ್ನಡಿಯ ವ್ಯಾಸದ ಅರ್ಧದಷ್ಟಿರಲಿ ಎಂದು ಅದರಲ್ಲಿ ತಪ್ಪಾಗಿ ಬಂದಿತ್ತು. ಮರುದಿನ ಬೆಳಿಗ್ಗೆ ಅದರ ಕೆಳಗೆ, ಮೂರನೇ ಒಂದು ಭಾಗ ಸಾಕು ಎಂದಷ್ಟೇ ಬರೆದೆ.