ವಿಯೆಟ್ನಾಂ ಮುಂದೋ, ಫಿಲಿಪೀನ್ಸ್ ಮುಂದೋ?

ಕಾಫಿ ವ್ಯಾಪಾರದ ಕೆಲಸಕ್ಕಾಗಿ ಈ ಎರಡೂ ದೇಶಗಳಿಗೆ ಓಡಾಡುವವನು ನಾನು. ಊರಿಗೆ ಬಂದಾಗೆಲ್ಲ ಯಾರಾದರೂ ಕೇಳಿಯೇ ಕೇಳುತ್ತಾರೆ: "ಎರಡನ್ನೂ ನೋಡಿದ್ದೀಯಲ್ಲ ಮಾರಾಯ, ಯಾವುದು ಮುಂದೆ? ಎಲ್ಲಿ ಜನ ಚೆನ್ನಾಗಿದ್ದಾರೆ?" ಕೇಳುವವರಿಗೆ ಅವರವರ ಕಾರಣ ಇರುತ್ತದೆ. ಕೊಡಗು, ಚಿಕ್ಕಮಗಳೂರಿನ ಬೆಳೆಗಾರರಿಗೆ ವಿಯೆಟ್ನಾಂ ಅಂದ್ರೆ ರೊಬಸ್ಟಾ ಮತ್ತು ಕಾಳುಮೆಣಸಿನ ರೇಟನ್ನು ಮೇಲೆ ಕೆಳಗೆ ಆಡಿಸುವ ದೇಶ. ಮಗಳಿಗೆ ಇಲ್ಲಿ ಮೆಡಿಕಲ್ ಸೀಟು ಸಿಗದವರಿಗೆ ಫಿಲಿಪೀನ್ಸ್ ಅಂದ್ರೆ ಕಮ್ಮಿ ಫೀಸಿನ ಕಾಲೇಜು. ಬೆಂಗಳೂರಿನವರಿಗೆ ಅದು ಕಾಲ್ ಸೆಂಟರ್ ಕೆಲಸದಲ್ಲಿ ನಮ್ಮನ್ನು ಹಿಂದೆ ಹಾಕಿದ ದೇಶ.

ಚುಟುಕಾಗಿ ಹೇಳೋದಾದರೆ, ಬಡವರ ಮನೆಯ ಮಗು ಹುಟ್ಟುವುದಕ್ಕೆ ಇವತ್ತು ವಿಯೆಟ್ನಾಂ ವಾಸಿ. ಯಾಕೆ ಅನ್ನೋದನ್ನು ಚುಟುಕಾಗಿ ಹೇಳೋಕಾಗಲ್ಲ. ನನಗೆ ಕಂಡಂತೆ ವ್ಯತ್ಯಾಸದ ಬೇರು ಒಂದೇ. ವಿಯೆಟ್ನಾಂ ಸಾಮಾನು ಹೊರಗೆ ಕಳಿಸಿ ದುಡಿಯುತ್ತದೆ. ಫಿಲಿಪೀನ್ಸ್ ತನ್ನ ಜನರನ್ನೇ ಹೊರಗೆ ಕಳಿಸಿ ದುಡಿಯುತ್ತದೆ.

ಮೊದಲು ಎರಡೂ ಎಷ್ಟು ಸರಿಸಮ ಅಂತ ನೋಡಿ. ವಿಯೆಟ್ನಾಂ ಸುಮಾರು 3 ಲಕ್ಷ 31 ಸಾವಿರ ಚದರ ಕಿಲೋಮೀಟರ್, ಫಿಲಿಪೀನ್ಸ್ 3 ಲಕ್ಷ. ವಿಯೆಟ್ನಾಂ ಜನಸಂಖ್ಯೆ 2023ರಲ್ಲಿ 10 ಕೋಟಿ ದಾಟಿತು, ಫಿಲಿಪೀನ್ಸಿನದು 11 ಕೋಟಿಯ ಮೇಲಿದೆ. ಇಬ್ಬರೂ ಅನ್ನ ಉಣ್ಣುವವರು, ಇಬ್ಬರಿಗೂ ಮೀನು ಬೇಕು, ಇಬ್ಬರನ್ನೂ ಬಿಳಿಯರು ಆಳಿ ಹೋಗಿದ್ದಾರೆ. 1990ರ ಹೊತ್ತಿಗೆ ಫಿಲಿಪೀನ್ಸಿನ ತಲಾ ಆದಾಯ ವಿಯೆಟ್ನಾಮಿನದಕ್ಕಿಂತ ಸುಮಾರು ಏಳು ಪಟ್ಟು ಇತ್ತು. ವಿಯೆಟ್ನಾಮಿನದು ಆಗ ವರ್ಷಕ್ಕೆ ನೂರು ಡಾಲರಿನ ಆಸುಪಾಸು, ಅಷ್ಟೇ. 2020ರ ಹೊತ್ತಿಗೆ ಲೆಕ್ಕ ತಲೆಕೆಳಗಾಯಿತು. 2023ರಲ್ಲಿ ವಿಯೆಟ್ನಾಂ 4,200 ಡಾಲರ್ ದಾಟಿತ್ತು, ಫಿಲಿಪೀನ್ಸ್ 3,800ರ ಸುತ್ತಮುತ್ತ. (ನಾವು 2,500ರ ಹತ್ತಿರ. ಇಬ್ಬರಿಗೂ ಬುದ್ಧಿ ಹೇಳುವ ಮುಂಚೆ ಇದು ನೆನಪಿರಲಿ.)

ಎರಡೂ ದೇಶಗಳ ದಿಕ್ಕು ಬದಲಾಗಿದ್ದು ಒಂದೇ ವರ್ಷ, 1986ರಲ್ಲಿ. ಆ ಫೆಬ್ರವರಿಯಲ್ಲಿ ಮನಿಲಾದ ಎಡ್ಸಾ ರಸ್ತೆಯಲ್ಲಿ ಲಕ್ಷಾಂತರ ಜನ ಟ್ಯಾಂಕುಗಳಿಗೆ ಅಡ್ಡ ನಿಂತರು. ನಾಲ್ಕೇ ದಿನದಲ್ಲಿ ಸರ್ವಾಧಿಕಾರಿ ಫರ್ಡಿನಾಂಡ್ ಮಾರ್ಕೋಸ್ ಹವಾಯಿಗೆ ಓಡಿದ. ಅದೇ ಡಿಸೆಂಬರಿನಲ್ಲಿ ಹನೋಯಿಯಲ್ಲಿ ಕಮ್ಯುನಿಸ್ಟ್ ಪಕ್ಷ ಸದ್ದಿಲ್ಲದೆ ಸಭೆ ಸೇರಿ 'ದೋಯ್ ಮೋಯ್' ಅಂತ, ಮಾರುಕಟ್ಟೆಗೆ ಬಾಗಿಲು ತೆರೆಯುವ ಒಂದು ಆರ್ಥಿಕ ಸುಧಾರಣೆಗೆ ಒಪ್ಪಿತು. ಒಂದು ಕಡೆ ಆಳುವವರು ಬದಲಾದರು, ಇನ್ನೊಂದು ಕಡೆ ಆಳುವವರು ಅವರೇ ಉಳಿದು ಆರ್ಥಿಕತೆ ಬದಲಾಯಿತು.

ವಿಯೆಟ್ನಾಮಿನ ಆಟ ಶುರುವಾದದ್ದು ಗದ್ದೆಯಿಂದ. 1988ರಲ್ಲಿ ಸಾಮೂಹಿಕ ಬೇಸಾಯದ ಪಟ್ಟು ಸಡಿಲಿಸಿ ಜಮೀನನ್ನು ಮನೆ ಮನೆಗೆ ಹಂಚಿ ಉಳೋಕೆ ಕೊಟ್ಟರು. ಭೂಮಿ ಇವತ್ತಿಗೂ ಕಾಗದದಲ್ಲಿ ಸರ್ಕಾರದ್ದೇ, ಆದರೆ ಬೆಳೆ ರೈತನದು. ಅಲ್ಲಿವರೆಗೆ ಅಕ್ಕಿಗೆ ಪರದಾಡುತ್ತಿದ್ದ ದೇಶ ಮರುವರ್ಷವೇ ಹತ್ತು ಲಕ್ಷ ಟನ್‌ಗೂ ಜಾಸ್ತಿ ಅಕ್ಕಿಯನ್ನು ಹೊರಗೆ ಮಾರಿತು. ಫಿಲಿಪೀನ್ಸಿನಲ್ಲೂ 1988ರಲ್ಲೇ ಭೂಸುಧಾರಣೆ ಕಾಯ್ದೆ ಬಂತು. ಕಾಯ್ದೆ ಮಾಡಿದ ಸಂಸತ್ತಿನಲ್ಲಿ ಕೂತಿದ್ದವರಲ್ಲಿ ದೊಡ್ಡ ಜಮೀನಿನ ಮನೆತನದವರೇ ಬಹಳ. ಹಾಗಾಗಿ ಅದು ದಶಕಗಟ್ಟಲೆ ಎಳೆಯಿತು. ದೇವರಾಜ ಅರಸರ ಕಾಲದ 'ಉಳುವವನೇ ಹೊಲದೊಡೆಯ' ನೋಡಿದ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಮೀನು ಸಿಕ್ಕ ಮನೆಗೂ ಸಿಗದ ಮನೆಗೂ ಒಂದು ತಲೆಮಾರಿನಲ್ಲಿ ಎಷ್ಟು ಅಂತರ ಬೀಳುತ್ತದೆ ಅಂತ ಅವರಿಗೆ ಗೊತ್ತು.

ಇಲ್ಲೊಂದು ತಮಾಷೆ ಇದೆ. ಜಗತ್ತಿಗೇ ಹೊಸ ಭತ್ತದ ತಳಿ ಕೊಟ್ಟ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇರೋದು ಫಿಲಿಪೀನ್ಸಿನ ಲೋಸ್ ಬಾನ್ಯೋಸ್‌ನಲ್ಲಿ, 1960ರಿಂದ. ನಮ್ಮಲ್ಲೂ ಬೆಳೆದ ಐಆರ್-8 ಹುಟ್ಟಿದ್ದು ಅಲ್ಲೇ. ಇವತ್ತು ಜಗತ್ತಿನಲ್ಲಿ ಅತಿ ಹೆಚ್ಚು ಅಕ್ಕಿ ತರಿಸಿಕೊಳ್ಳುವ ದೇಶವೂ ಫಿಲಿಪೀನ್ಸೇ! ಬಹುಪಾಲು ಎಲ್ಲಿಂದ? ವಿಯೆಟ್ನಾಮಿನಿಂದ. ಕಾಫಿದೂ ಇದೇ ಕಥೆ. 19ನೇ ಶತಮಾನದಲ್ಲಿ ಬತಾಂಗಾಸ್ ಸೀಮೆಯ ಕಾಫಿ ಜಗತ್ತಿಗೆಲ್ಲ ಹೋಗುತ್ತಿತ್ತು. ಎಲೆ ತುಕ್ಕು ರೋಗ ಬಂದು ತೋಟಗಳು ನೆಲಕಚ್ಚಿದವು. ಈಗ ಅಲ್ಲಿನ ಅಂಗಡಿಯ ಇನ್‌ಸ್ಟಂಟ್ ಪ್ಯಾಕೆಟ್ಟಿನ ಒಳಗೂ ವಿಯೆಟ್ನಾಮಿನ ಕಾಫಿ ಸೀಮೆ ಡಾಕ್ ಲಾಕ್‌ನಂಥ ಗುಡ್ಡಗಳ ರೊಬಸ್ಟಾ ಇರುವುದುಂಟು.

ಇದಕ್ಕೆಲ್ಲ ಸರ್ಕಾರಗಳನ್ನೇ ಬೈದರೆ ಅನ್ಯಾಯ. ನಕ್ಷೆ ಬಿಚ್ಚಿ ನೋಡಿ. ವಿಯೆಟ್ನಾಂ ಉದ್ದಕ್ಕೆ ಮಲಗಿದ ಒಂದೇ ನೆಲ. ಹನೋಯಿಯಲ್ಲಿ ರೈಲು ಹತ್ತಿದರೆ 1,726 ಕಿಲೋಮೀಟರ್ ಹಳಿಯ ಮೇಲೇ ಹೋಗಿ ಹೋ ಚಿ ಮಿನ್ ಸಿಟಿಯಲ್ಲಿ ಇಳಿಯಬಹುದು. ಮೇಲೆ ಕೆಂಪು ನದಿಯ ಬಯಲು, ಕೆಳಗೆ ಮೆಕಾಂಗ್ ಬಯಲು, ಎರಡು ಕಣಜಗಳು. ಉತ್ತರಕ್ಕೆ ಚೀನಾದ ಗಡಿ. ಹನೋಯಿ ಪಕ್ಕದ ಬಾಕ್ ನಿನ್‌ನಲ್ಲಿ ಸ್ಯಾಮ್‌ಸಂಗ್ ಫೋನ್ ಕಾರ್ಖಾನೆ ಇದೆ. ಬಿಡಿಭಾಗ ಚೀನಾದಿಂದ ಲಾರಿಯಲ್ಲೇ ಬರುತ್ತವೆ. ಜೋಡಿಸಿದ ಫೋನು ವಿಮಾನದಲ್ಲೋ, ಹತ್ತಿರದ ಹೈಫಾಂಗ್ ಬಂದರಿನಿಂದಲೋ ಹೊರಡುತ್ತದೆ.

ಫಿಲಿಪೀನ್ಸ್ ಅಂದ್ರೆ 7,641 ದ್ವೀಪ. ಒಂದು ದ್ವೀಪದ ತರಕಾರಿ ಇನ್ನೊಂದಕ್ಕೆ ಹೋಗಬೇಕಾದರೆ ಲಾರಿ ಹಡಗು ಹತ್ತಬೇಕು, ಇಳಿಯಬೇಕು, ಮತ್ತೆ ಹತ್ತಬೇಕು. ವರ್ಷಕ್ಕೆ ಸುಮಾರು 20 ಚಂಡಮಾರುತಗಳು ಅದರ ಕಡಲಿಗೆ ಬರುತ್ತವೆ. 2013ರ ನವೆಂಬರಿನಲ್ಲಿ ಬಂದ ಹೈಯಾನ್‌ಗೆ ಸತ್ತವರು 6 ಸಾವಿರಕ್ಕೂ ಜಾಸ್ತಿ. ಅದರ ಮೇಲೆ ಭೂಕಂಪ, ಅದರ ಮೇಲೆ ಜ್ವಾಲಾಮುಖಿ. 1991ರಲ್ಲಿ ಪಿನಾಟುಬೊ ಸಿಡಿದದ್ದು 20ನೇ ಶತಮಾನದ ಅತಿ ದೊಡ್ಡ ಸ್ಫೋಟಗಳಲ್ಲಿ ಒಂದು. ವಿಯೆಟ್ನಾಮಿಗೂ ಚಂಡಮಾರುತ ತಪ್ಪಿದ್ದಲ್ಲ, 2024ರ ಯಾಗಿ ಉತ್ತರವನ್ನು ಜಾಲಾಡಿಬಿಟ್ಟಿತು. ಆದರೆ ಪೆಸಿಫಿಕ್‌ನಲ್ಲಿ ಎದ್ದ ಎಷ್ಟೋ ಗಾಳಿಗಳ ಮೊದಲ ಹೊಡೆತ ತಿನ್ನೋದು ಫಿಲಿಪೀನ್ಸ್.

ಈರುಳ್ಳಿ ಕಥೆ ಕೇಳಿ. 2022ರ ಕೊನೆಗೆ ಮನಿಲಾದಲ್ಲಿ ಕೆಂಪು ಈರುಳ್ಳಿ ಕೆಜಿಗೆ 600 ಪೆಸೊ ದಾಟಿತು. ನಮ್ಮ ಲೆಕ್ಕದಲ್ಲಿ ಸುಮಾರು ಒಂಬೈನೂರು ರೂಪಾಯಿ. ಮಾಂಸಕ್ಕಿಂತ ಈರುಳ್ಳಿ ದುಬಾರಿ. ಕೊಲ್ಲಿಯಿಂದ ಬರುತ್ತಿದ್ದ ವಿಮಾನ ಸಿಬ್ಬಂದಿಯೇ ಬ್ಯಾಗಿನಲ್ಲಿ ಈರುಳ್ಳಿ ತಂದು ಕಸ್ಟಮ್ಸ್ ಕೈಗೆ ಸಿಕ್ಕಿಬಿದ್ದರು. ಬೆಳೆ ಇಲ್ಲವೇ ಇಲ್ಲ ಅಂತಲ್ಲ. ಕೋಲ್ಡ್ ಸ್ಟೋರೇಜ್ ಕಮ್ಮಿ, ಇರುವುದೂ ಕೆಲವರ ಕೈಯಲ್ಲಿ, ಹೊರಗಿನಿಂದ ತರಿಸೋಕೆ ತಡವಾದ ಅನುಮತಿ.

ಹಾಗಾದ್ರೆ ಆ ದೇಶ ನಡೆಯೋದು ಹೇಗೆ? ಹೊರಗೆ ದುಡಿಯುವ ಮಕ್ಕಳಿಂದ. ನರ್ಸ್, ಹಡಗಿನ ಕೆಲಸಗಾರ, ಮನೆಗೆಲಸದ ಹೆಣ್ಣುಮಗಳು, ಹೋಟೆಲ್ ಸಿಬ್ಬಂದಿ. ಮಂಗಳೂರು, ಉಡುಪಿ ಕಡೆಯ ಗಲ್ಫ್ ಮನೆಯವರಿಗೆ ಈ ಮುಖಗಳು ಪರಿಚಯವೇ. ದುಬೈ, ದೋಹಾದ ಆಸ್ಪತ್ರೆಗಳಲ್ಲಿ ಇವರ ಜೊತೆಗೇ ಪಾಳಿ ಮಾಡಿರುತ್ತಾರೆ. 2024ರಲ್ಲಿ ಅವರು ಬ್ಯಾಂಕುಗಳ ಮೂಲಕ ಊರಿಗೆ ಕಳಿಸಿದ ಹಣ 34 ಬಿಲಿಯನ್ ಡಾಲರ್ ದಾಟಿತ್ತು. ಅದೇ ವರ್ಷ ದೇಶ ರಫ್ತು ಮಾಡಿದ ಸರಕೆಲ್ಲ ಸೇರಿ ಸುಮಾರು 73 ಬಿಲಿಯನ್. ಅಂದ್ರೆ ಸರಕಿನ ಅರ್ಧದಷ್ಟು ದುಡ್ಡು ಬರೀ ಮನುಷ್ಯರಿಂದ. ಅದೇ ವರ್ಷ ವಿಯೆಟ್ನಾಮಿನ ಸರಕು ರಫ್ತು 400 ಬಿಲಿಯನ್ ದಾಟಿತ್ತು.

ಹಣದ ಜೊತೆ ಪೆಟ್ಟಿಗೆಯೂ ಬರುತ್ತದೆ. ಬಾಲಿಕ್‌ಬಾಯನ್ ಪೆಟ್ಟಿಗೆ ಅಂತಾರೆ. ಆಳೆತ್ತರದ ಅರ್ಧಕ್ಕೆ ಬರುವ ರಟ್ಟಿನ ಡಬ್ಬ. ಹಡಗಿನಲ್ಲಿ ಬರುವ ಇದಕ್ಕೆ ಸಾಮಾನ್ಯವಾಗಿ ಡಬ್ಬಕ್ಕಿಷ್ಟು ಅಂತ ಬಾಡಿಗೆ, ತೂಕಕ್ಕಲ್ಲ. ಹಾಗಾಗಿ ಒಂದು ಬೆರಳು ಜಾಗವನ್ನೂ ಬಿಡೋದಿಲ್ಲ. ಶೂ ಒಳಗೆ ಚಾಕೊಲೇಟ್, ಟವೆಲ್ಲಿನ ಮಡಿಕೆಯಲ್ಲಿ ಸೋಪು, ಸಂದಿಯಲ್ಲೆಲ್ಲ ಮಾಂಸದ ಡಬ್ಬಿ, ಪೇಸ್ಟು, ಮಗುವಿನ ಪೆನ್ಸಿಲ್ಲು. ತಿಂಗಳುಗಟ್ಟಲೆ ಒಂದೊಂದೇ ತಂದು ತುಂಬಿಸಿರುತ್ತಾರೆ. ತಲುಪೋಕೆ ಮತ್ತೆ ವಾರಗಟ್ಟಲೆ. ಅಷ್ಟರಲ್ಲಿ ಮಗುವಿನ ಕಾಲು ಬೆಳೆದು ಶೂ ಬಿಗಿಯಾಗುವುದೂ ಉಂಟು. ಅಮ್ಮ ಹಾಂಗ್‌ಕಾಂಗ್‌ನಲ್ಲಿ ಬೇರೆಯವರ ಮಗುವಿಗೆ ಊಟ ಮಾಡಿಸುತ್ತಾಳೆ, ಅವಳ ಮಗುವಿಗೆ ಅಜ್ಜಿ ಮಾಡಿಸುತ್ತಾಳೆ. ತಲಾ ಆದಾಯದ ಪಟ್ಟಿಯಲ್ಲಿ ಇದು ಲಾಭದ ಕಡೆಗೇ ಬರುತ್ತದೆ. ಬದುಕಿನ ಗುಣಮಟ್ಟದಲ್ಲಿ ಇದನ್ನು ಎಲ್ಲಿ ಬರೆಯೋದು ಅಂತ ನನಗಂತೂ ಒಪ್ಪುವ ಜಾಗ ಸಿಕ್ಕಿಲ್ಲ. ವಿಯೆಟ್ನಾಮಿನವರೂ ಜಪಾನ್, ತೈವಾನ್‌ಗೆ ದುಡಿಯೋಕೆ ಹೋಗುತ್ತಾರೆ, ಇಲ್ಲ ಅಂತಲ್ಲ. ಆದರೆ ಅಲ್ಲಿನ ಹಳ್ಳಿ ಹುಡುಗಿ ಬಾಕ್ ನಿನ್ ಕಾರ್ಖಾನೆಗೆ ಸೇರಿದರೆ ಅವರ ಹೊಸವರ್ಷದ ಟೆಟ್ ಹಬ್ಬಕ್ಕೆ ಬಸ್ ಹತ್ತಿ ಮನೆಗೆ ಬರುತ್ತಾಳೆ.

ಮಕ್ಕಳ ವಿಷಯಕ್ಕೆ ಬಂದರೆ ಅಂತರ ಇನ್ನೂ ಜೋರು. 2022ರ ಪೀಸಾ ಪರೀಕ್ಷೆಯಲ್ಲಿ, ಅಂದ್ರೆ ಹಲವು ದೇಶಗಳ 15 ವರ್ಷದ ಮಕ್ಕಳಿಗೆ ಕೊಡುವ ಪರೀಕ್ಷೆಯಲ್ಲಿ, ಗಣಿತಕ್ಕೆ ವಿಯೆಟ್ನಾಂ 469 ಅಂಕ ಪಡೆಯಿತು. ಶ್ರೀಮಂತ ದೇಶಗಳ ಸರಾಸರಿಯೇ 472. ಫಿಲಿಪೀನ್ಸ್‌ಗೆ ಬಂದದ್ದು 355. ಇಂಗ್ಲಿಷ್ ಮಾತ್ರ ಫಿಲಿಪೀನ್ಸಿನವರದು ಸಲೀಸು, ಕಾಲ್ ಸೆಂಟರ್ ಕೆಲಸ ಅಲ್ಲಿ ಬೇರೂರಿದ್ದು ಅದರಿಂದಲೇ. ಆಯಸ್ಸಿನಲ್ಲೂ ವಿಯೆಟ್ನಾಮಿನವರು ನಾಲ್ಕೈದು ವರ್ಷ ಮುಂದೆ. ವಿಶ್ವಸಂಸ್ಥೆಯ 2025ರ ಮಾನವ ಅಭಿವೃದ್ಧಿ ವರದಿಯಲ್ಲಿ ವಿಯೆಟ್ನಾಂ 93ನೇ ಜಾಗದಲ್ಲಿದೆ, ಫಿಲಿಪೀನ್ಸ್ 117ರಲ್ಲಿ.

ಇಷ್ಟು ಹೇಳಿದ ಮೇಲೆ ಕೆಲವರು "ಹಾಗಾದ್ರೆ ನಮಗೂ ಅಂಥದ್ದೇ ಗಟ್ಟಿ ಸರ್ಕಾರ ಬೇಕು ಬಿಡು" ಅಂತಾರೆ. ಅಲ್ಲಿ ನಾನು ತಲೆ ಆಡಿಸೋದಿಲ್ಲ. ವಿಯೆಟ್ನಾಮಿನಲ್ಲಿ ಇರೋದು ಒಂದೇ ಪಕ್ಷ. ಫೇಸ್‌ಬುಕ್ಕಿನಲ್ಲಿ ಸರ್ಕಾರವನ್ನು ಬೈದವರು ಜೈಲು ಸೇರಿದ್ದಾರೆ. ಮಾತಿನ ನಡುವೆ ರಾಜಕೀಯ ಬಂದರೆ ಎದುರಿಗಿದ್ದವರು ಕಾಫಿ ಕಡೆಗೆ ವಿಷಯ ತಿರುಗಿಸುತ್ತಾರೆ. ಮನಿಲಾದಲ್ಲಿ ಟ್ಯಾಕ್ಸಿ ಹತ್ತಿ, ಅಧ್ಯಕ್ಷರನ್ನು ಬೈಯುವುದು ಅಲ್ಲಿಂದಲೇ ಶುರು. ಪತ್ರಕರ್ತೆ ಮಾರಿಯಾ ರೆಸ್ಸಾ ಮೈತುಂಬ ಕೇಸು ಹಾಕಿಸಿಕೊಂಡೇ 2021ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ತಗೊಂಡರು. ಆದರೆ ಅದೇ ದೇಶದಲ್ಲಿ ಹಿಂದಿನ ಅಧ್ಯಕ್ಷ ಡುಟೆರ್ಟೆ ಕಾಲದ ಡ್ರಗ್ಸ್ ವಿರುದ್ಧದ ಸಮರದಲ್ಲಿ ಸರ್ಕಾರಿ ಲೆಕ್ಕದಲ್ಲೇ 6 ಸಾವಿರಕ್ಕೂ ಹೆಚ್ಚು ಜನ ಸತ್ತರು. 1986ರಲ್ಲಿ ಓಡಿಹೋದ ಮಾರ್ಕೋಸನ ಮಗನೇ 2022ರಲ್ಲಿ ಗೆದ್ದು ಅಧ್ಯಕ್ಷನಾದ. ಓಟು ಇದೆ, ಆದರೆ ಓಟು ಹಾಕೋಕೆ ಸಿಗೋದು ಅವೇ ಹತ್ತಾರು ಮನೆತನದ ಹೆಸರುಗಳು.

ಊರುಗಳ ಬಗ್ಗೆ ಜಾಸ್ತಿ ಹೇಳಲ್ಲ. ಮನಿಲಾದ ಟ್ರಾಫಿಕ್ ನೋಡಿದರೆ ಸಿಲ್ಕ್ ಬೋರ್ಡ್ ಮೇಲೆ ಪ್ರೀತಿ ಬರುತ್ತದೆ. ಹನೋಯಿಯಲ್ಲಿ ಬೈಕುಗಳ ಹೊಳೆ, ಚಳಿಗಾಲದಲ್ಲಿ ಉಸಿರು ಕಟ್ಟುವ ಹೊಗೆ. ಊಟಕ್ಕೆ ವಿಯೆಟ್ನಾಂ, ಹರಟೆಗೆ ಫಿಲಿಪೀನ್ಸ್.

ಮುಂದಿನ ಹತ್ತು ವರ್ಷ? ವಿಯೆಟ್ನಾಮಿನ ರಫ್ತಿನಲ್ಲಿ ಸುಮಾರು ಮುಕ್ಕಾಲು ಪಾಲು ಹೊರಗಿನ ಕಂಪನಿಗಳದ್ದು. 2025ರಲ್ಲಿ ಅಮೆರಿಕ ಮೊದಲು 46, ಆಮೇಲೆ 20 ಪರ್ಸೆಂಟ್ ಸುಂಕ ಅಂದಾಗ ಅಲ್ಲಿನವರ ಎದೆ ಢವಢವ ಅಂದದ್ದು ಇದಕ್ಕೇ. ಮಕ್ಕಳು ಕಮ್ಮಿಯಾಗುತ್ತಿದ್ದಾರೆ ಅಂತ ಅದೇ ವರ್ಷ ಎರಡೇ ಮಕ್ಕಳು ಅನ್ನುವ ನಿಯಮವನ್ನೂ ಕೈಬಿಟ್ಟರು. ಫಿಲಿಪೀನ್ಸಿನ ಭಯ ಬೇರೆ. ಕಾಲ್ ಸೆಂಟರಿನಂಥ ಕೆಲಸಗಳಲ್ಲಿರುವ 18 ಲಕ್ಷಕ್ಕೂ ಹೆಚ್ಚು ಜನರ ಕುರ್ಚಿಗೆ ಈಗ ಎಐ ಕಣ್ಣು ಹಾಕಿದೆ. ನನ್ನ ಪಣ ಈಗಲೂ ವಿಯೆಟ್ನಾಮಿನ ಮೇಲೇ.

ಕಾಲೇಜಿನ ಬಗ್ಗೆ ಕೇಳುವ ಅಪ್ಪ ಅಮ್ಮಂದಿರಿಗೆ ಇದ್ಯಾವುದೂ ಬೇಕಾಗಿಲ್ಲ ಅಂತ ಗೊತ್ತು. ಅವರಿಗೆ ಹೇಳೋದಿಷ್ಟು: ಫಿಲಿಪೀನ್ಸಿನಲ್ಲಿ ಪಾಠ ಇಂಗ್ಲಿಷಿನಲ್ಲೇ, ಜನ ಒಳ್ಳೆಯವರು. ಆದರೆ ಏಜೆಂಟ್ ಮಾತು ನಂಬಿ ದುಡ್ಡು ಕಟ್ಟಬೇಡಿ. ಅಲ್ಲಿನ ಕೋರ್ಸು ನಮ್ಮ ಮೆಡಿಕಲ್ ಕಮಿಷನ್ನಿನ ಈಗಿನ ನಿಯಮಕ್ಕೆ ಹೊಂದುತ್ತದಾ ಅಂತ ನೀವೇ ಓದಿ ನೋಡಿ. ಬೆಳೆಗಾರರಿಗೆ ಇನ್ನೂ ಸುಲಭ. ಡಾಕ್ ಲಾಕ್‌ನಲ್ಲಿ ಮಳೆ ಹೇಗಿದೆ ಅಂತ ಫೋನಿನಲ್ಲಿ ನೋಡಿಕೊಂಡೇ ಮಾರಾಟಕ್ಕೆ ಹೊರಡಿ.