ಮಾಸ್ತರರು ತೋರಿಸಿದ ಬೀದಿ

ನಮ್ಮ ಇತಿಹಾಸದ ಮಾಸ್ತರರು ತೀರಿಕೊಂಡರೆಂಬ ಸುದ್ದಿ ತಿಳಿದಾಗ ನನಗೆ ನೆನಪಾದದ್ದು ಶಾಲೆಯ ಕೋಣೆಯಲ್ಲ, ಕಿರ್ಲೋಸ್ಕರವಾಡಿ ಎಂಬ ಕಾರ್ಖಾನೆಯೂರಿನ ಮುಖ್ಯ ಬೀದಿ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಪೂರ್ವ ಭಾಗದ ಕನ್ನಡ ಶಾಲೆಯ ಮಕ್ಕಳಾದ ನಾವು ಒಂಬತ್ತನೆಯ ತರಗತಿಯಲ್ಲಿ ಓದಿದ ಪಾಠಗಳಲ್ಲಿ ನನ್ನ ತಲೆಯಲ್ಲಿ ಉಳಿದದ್ದು ಅಲ್ಪ. ಆದರೆ ಅವರೊಡನೆ ಆ ಬೀದಿಯಲ್ಲಿ ನಡೆದ ಒಂದು ದಿನ ಇಂದಿಗೂ ಮಾಸಿಲ್ಲ.

ಮಿರಜದಲ್ಲಿ ರೈಲು ಹತ್ತಿಸುವಾಗಲೇ ಅವರ ಪಾಠ ಆರಂಭವಾಗಿತ್ತು. ನಾವು ಇಳಿಯಲಿರುವ ನಿಲ್ದಾಣದ ಹೆಸರು ಮೊದಲು ಕುಂಡಲ್ ರೋಡ್ ಎಂದಿತ್ತು, ಕಾರ್ಖಾನೆ ಬಂದ ಮೇಲೆ ಅದರ ಹೆಸರೇ ಬದಲಾಯಿತು ಎಂದರು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟದ್ದು, ಕಬ್ಬಿಣದ ನೇಗಿಲು ಮಾಡಿದ್ದು, ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಅದನ್ನು ಮುಟ್ಟಲು ಅಂಜಿದ್ದು, ಬೆಳಗಾವಿಯ ಜಾಗ ಬಿಡಬೇಕಾಗಿ ಬಂದಾಗ ಔಂಧ ಸಂಸ್ಥಾನದ ರಾಜರು ತಮ್ಮ ರಾಜ್ಯದಲ್ಲಿ ನೆಲ ಕೊಟ್ಟದ್ದು, ಕಳ್ಳಿ ಬೆಳೆದು ಹಾವು ಹರಿದಾಡುತ್ತಿದ್ದ ಆ ಬರಡು ನೆಲದಲ್ಲಿ 1910ರಲ್ಲಿ ಊರು ಎದ್ದದ್ದು, ಇವೆಲ್ಲವನ್ನೂ ಅವರು ತಮ್ಮ ಮನೆತನದ ಕಥೆಯೆಂಬಂತೆ ಹೇಳಿದರು. ನೇಗಿಲಿನ ಪ್ರಸಂಗಕ್ಕೆ ನಮ್ಮಲ್ಲಿ ಯಾರೂ ನಗಲಿಲ್ಲ. ನಾವೆಲ್ಲ ಬರದ ಸೀಮೆಯ ಒಕ್ಕಲು ಮಕ್ಕಳು, ನಮ್ಮ ಅಜ್ಜಂದಿರೂ ಹಾಗೆಯೇ ಅಂಜಿದ್ದಿರಬಹುದು.

ಬೀದಿಗೆ ಬಂದಾಗ ಅವರು ನಮ್ಮನ್ನು ನಿಲ್ಲಿಸಿ, ಇಲ್ಲಿ ಯಾವುದು ಮೊದಲು ಬಂದಿರಬೇಕು ಹೇಳಿ, ಎಂದು ಕೇಳಿದರು. ಕಾರ್ಖಾನೆ ಎಂದು ನಾವು ಒಂದೇ ದನಿಯಲ್ಲಿ ಕೂಗಿದೆವು. ಕಾರ್ಖಾನೆಯ ಜೊತೆಗೇ ಮನೆ, ನೀರು, ದಾರಿ ಇವೂ ಬರಬೇಕಾಯಿತು, ದುಡಿಯುವವನು ರಾತ್ರಿ ಎಲ್ಲಿ ಮಲಗಬೇಕು ಎಂದು ಯೋಚಿಸದವನು ಊರು ಕಟ್ಟಲಾರ ಎಂದು ಅವರು ತಿದ್ದಿದರು. ಆ ಕಾರಭಾರವನ್ನೆಲ್ಲ ಹೊತ್ತವರು ಲಕ್ಷ್ಮಣರಾಯರ ಅಣ್ಣ ರಾಮುಅಣ್ಣನವರು. ಅಸ್ಪೃಶ್ಯತೆಯನ್ನು ಆ ಊರಿನಲ್ಲಿ ಆಚರಿಸಕೂಡದೆಂಬ ಕಟ್ಟಳೆಯೂ ಇತ್ತೆಂದು ಹೇಳಿ, ನಮ್ಮ ಊರುಗಳ ಕೇರಿಗಳನ್ನು ನೆನಪಿಸಿಕೊಳ್ಳಿ ಎಂದರು. ಆಗ ನಮ್ಮಲ್ಲಿ ಕೆಲವರು ತಲೆ ತಗ್ಗಿಸಿದ್ದನ್ನು ನಾನು ಕಂಡೆ.

ಊಟದ ಹೊತ್ತಿಗೆ ನಾವು ಮೂವರು ಸಾಲಿನಿಂದ ಜಾರಿಕೊಂಡು, ಕಾಂಪೌಂಡು ಹತ್ತಿ ಯಂತ್ರಗಳನ್ನು ನೋಡಲು ಹೊರಟೆವು. ಕಾವಲುಗಾರರೊಬ್ಬರು ಹಿಡಿದು ಮಾಸ್ತರರ ಮುಂದೆ ತಂದು ನಿಲ್ಲಿಸಿದರು. "ಇವರು ನಿಮ್ಮ ಹುಡುಗರೇನ್ರಿ?" ಎಂದು ಅವರು ಮರಾಠಿಯಲ್ಲಿ ಕೇಳಿದಾಗ, "ಹೌದು, ನನ್ನ ಮಕ್ಕಳು," ಎಂದು ಮಾಸ್ತರರು ಕೈ ಮುಗಿದರು. ಬೆತ್ತ ಬೀಳುತ್ತದೆಂದು ಕಾದಿದ್ದ ನಮ್ಮನ್ನು ಮರದ ನೆರಳಲ್ಲಿ ಕೂರಿಸಿ, ಇದೇ ಊರಿನ ರಾತ್ರಿಯ ಕಾವಲಿಗೆ ಲಕ್ಷ್ಮಣರಾಯರು ಶಿಕ್ಷೆ ಅನುಭವಿಸಿದ್ದ ಕೈದಿಗಳನ್ನೇ ನೇಮಿಸಿದ್ದರೆಂದು, ತುಕಾರಾಮ ರಾಮೋಶಿ ಮತ್ತು ಪಿರ್ಯಾ ಮಾಂಗ ಎಂಬ ಇಬ್ಬರ ಹೆಸರು ಹಿಡಿದು ಹೇಳಿದರು. ಬಳಿಕ ಇಡೀ ತರಗತಿಯ ಹಿಂದಿರುಗುವ ಟಿಕೆಟುಗಳನ್ನು ಕಿಸೆಯಿಂದ ತೆಗೆದು ನನ್ನ ಕೈಗೆ ಕೊಟ್ಟರು. ಮಿರಜ ಮುಟ್ಟುವ ತನಕ ನಾನು ಆ ಕೈಯನ್ನು ಸಡಿಲಿಸಲಿಲ್ಲ.

ಮುಂದೆ ನಾನು ಸಿವಿಲ್ ಎಂಜಿನಿಯರಾದೆ. ಕಾರ್ಮಿಕರ ವಸಾಹತುಗಳ ನಕ್ಷೆ ಸಿದ್ಧಪಡಿಸುವಾಗ ಮೊದಲು ಮನೆಬಾಗಿಲಿನಿಂದ ನಲ್ಲಿಯವರೆಗಿನ ದಾರಿಯನ್ನು ಎಳೆಯುವ ರೂಢಿಯನ್ನು ನಾನು ಬಿಟ್ಟಿಲ್ಲ, ಅದಕ್ಕಾಗಿ ಹಿರಿಯ ಅಧಿಕಾರಿಗಳೊಡನೆ ವಾದಿಸಿ ಗೆದ್ದದ್ದೂ ಉಂಟು. ಇಂದಿನ ಶಾಲೆಗಳು ಮಕ್ಕಳನ್ನು ನೀರಿನಾಟದ ಪಾರ್ಕುಗಳಿಗೆ ಕರೆದೊಯ್ದು ಸಂಜೆ ಫೋಟೋಗಳೊಡನೆ ಮರಳುವುದನ್ನು ಕಂಡರೆ ನನಗೆ ಬೇಸರವಾಗುತ್ತದೆ. ಮಕ್ಕಳ ಸಂತೋಷ ಬೇಡವೆಂದಲ್ಲ. ನೂರು ವರ್ಷ ದಾಟಿದ ಕಾರ್ಖಾನೆಯೂರು ನಮ್ಮ ಸಾಂಗಲಿ ಜಿಲ್ಲೆಯಲ್ಲೇ ಇರುವಾಗ, ಅದನ್ನು ಕಟ್ಟಿದವರು ನಮ್ಮ ಕನ್ನಡದ ನೆಲದಲ್ಲಿ ಹುಟ್ಟಿದವರೆಂಬುದು ಗಡಿಯ ಕನ್ನಡ ಮಕ್ಕಳಿಗೆ ತಿಳಿಯದೆ ಹೋಗಬಾರದು.

ಮಾಸ್ತರರ ನೆನಪಿಗಾಗಿ ಪ್ರತಿವರ್ಷ ಒಂಬತ್ತನೆಯ ತರಗತಿಯನ್ನು ಅಲ್ಲಿಗೆ ಕಳುಹಿಸುವ ವೆಚ್ಚವನ್ನು ಭರಿಸುವೆನೆಂದು ಮುಖ್ಯಾಧ್ಯಾಪಕರಿಗೆ ಪತ್ರ ಬರೆದಿದ್ದೇನೆ. ಮಿರಜದಿಂದ ರೈಲಿನಲ್ಲೇ ಹೋಗಬೇಕು, ಟಿಕೆಟುಗಳು ತರಗತಿಯ ಅತ್ಯಂತ ತುಂಟ ವಿದ್ಯಾರ್ಥಿಯ ಕೈಯಲ್ಲಿರಬೇಕು ಎಂಬ ಎರಡು ವಿನಂತಿಗಳನ್ನು ಅದರಲ್ಲಿ ಸೇರಿಸಿದ್ದೇನೆ.